ಗೋಡೆ ಮೇಲಿನ ಸಿಡಿಲು

ನನಗೆ ಗುಡುಗು ಮಿಂಚು ಎಂದರೆ ಬಹಳ ಇಷ್ಟ. ಹೀಗೆ ಬರೆಯುವುದು ಸುಲಭ, ಕೊಟ್ಟೂರಿನ ನಮ್ಮ ಓಣಿಯಲ್ಲಿ ನಿಂತು ಬಾಯಿಬಿಟ್ಟು ಹೇಳುವುದು ಕಷ್ಟ. ಮಳೆ ಇಷ್ಟ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಸೀಮೆಯಲ್ಲಿ ಮಳೆ ಬೇಡ ಎನ್ನುವವರು ಇಟ್ಟಿಗೆ ಭಟ್ಟಿಯವರು ಬಿಟ್ಟರೆ ಇನ್ನೊಬ್ಬರಿಲ್ಲ. ಆದರೆ ಗುಡುಗು ಇಷ್ಟ ಎಂದರೆ ಎದುರಿಗಿದ್ದವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಊಟಕ್ಕೆ ಕರೆದವರ ಮನೆಯಲ್ಲಿ ಹೋಳಿಗೆ ಚೆನ್ನಾಗಿದೆ ಎನ್ನುವುದು ಬಿಟ್ಟು, ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಚೆನ್ನಾಗಿತ್ತು ಎಂದವರನ್ನು ನೋಡುವ ಹಾಗೆ. ಏನು ಮಾಡಲಿ, ಇಷ್ಟವೆಂದರೆ ಇಷ್ಟ. ಏಪ್ರಿಲ್ ಮುಗಿಯುತ್ತ ಬಂದಾಗ, ಮಧ್ಯಾಹ್ನವೆಲ್ಲ ಬೆಂಕಿಯಾಗಿದ್ದ ಆಕಾಶ ಸಂಜೆಯ ಹೊತ್ತಿಗೆ ಕೂಡ್ಲಿಗಿ ದಿಕ್ಕಿನಲ್ಲಿ ಕಪ್ಪಾಗುತ್ತ ಬಂದು, ಗಾಳಿ ಒಮ್ಮೆಲೇ ನಿಂತು, ಓಣಿಯ ಬೇವಿನ ಮರದ ಒಂದೆಲೆಯೂ ಅಲ್ಲಾಡದೆ ನಿಂತರೆ, ನನ್ನ ಕೈಯಲ್ಲಿನ ಸೂಜಿ ತಾನಾಗಿ ನಿಲ್ಲುತ್ತದೆ. ದೂರದಲ್ಲೆಲ್ಲೋ ಮೊದಲ ಗುಡುಗು ಉರುಳುವಾಗ ಮೈಯೆಲ್ಲ ಕಿವಿಯಾಗುತ್ತದೆ.

ಸೂಜಿ ಎಂದೆನಲ್ಲ, ನಾನು ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುವವಳು, ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ಬ್ಲೌಸಿಗಿಂತ ಕುಚ್ಚಿಗೇ ನನ್ನ ಹೆಸರು. ಹಗರಿಬೊಮ್ಮನಹಳ್ಳಿಯಿಂದ, ಹಡಗಲಿಯಿಂದ ಮದುವೆಯ ಸೀರೆಗಳು ಪ್ಲಾಸ್ಟಿಕ್ ಚೀಲದಲ್ಲಿ ಮಡಿಕೆ ಮುರಿಯದೆ ನನ್ನ ಮನೆಗೆ ಬರುತ್ತವೆ. ಸೆರಗಿನ ಎಳೆಗಳನ್ನು ಬಿಡಿಸಬೇಕು, ಹೊಸೆಯಬೇಕು, ಗಂಟು ಹಾಕಬೇಕು, ಬೇಕೆಂದವರಿಗೆ ಮಣಿ ಪೋಣಿಸಬೇಕು. ದಿನವಿಡೀ ಕಣ್ಣಿಗೆ ಎಳೆ, ಕೈಗೆ ಗಂಟು. ಒಂದು ಕುಚ್ಚು ನೋಡಿದರೆ ಅದು ಯಾವ ಊರಿನ ಯಾರ ಕೈಯದು ಎಂದು ದೂರದಿಂದಲೇ ಹೇಳಬಲ್ಲೆ ಎಂಬ ಜಂಬವೂ ನನಗಿತ್ತು. ಇತ್ತು ಎಂದು ಯಾಕೆ ಬರೆದೆ ಎನ್ನುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿರುವವರು ಮೂರೇ ಜನ. ಒಂದೇ ಮಿಂಚನ್ನು ಮೂವರೂ ಮೂರು ರೀತಿ ನೋಡುತ್ತೇವೆ. ನಮ್ಮ ಯಜಮಾನರು ಮೈಲಾರಪ್ಪ, ಊರಿನಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಜೋರು ಸಿಡಿಲಿನ ಮರುದಿನ ಸುತ್ತಲಿನ ಹಳ್ಳಿಗಳಿಂದ ಸುಟ್ಟ ಬೋರ್‌ವೆಲ್ ಮೋಟರುಗಳು ಬೈಕಿನ ಹಿಂದೆ, ಆಟೊದೊಳಗೆ, ಒಮ್ಮೊಮ್ಮೆ ಮಗುವಿನಂತೆ ತೊಡೆಯ ಮೇಲೆ ಕೂತು ಅವರ ಅಂಗಡಿಗೆ ಬರುತ್ತವೆ. ನಾನು ಕಿಟಕಿಯ ಸಂದಿಯಲ್ಲಿ ಒಂದು ಮಿಂಚು ಕಂಡು "ಆಹಾ" ಎಂದರೆ ಅವರು ಚಹಾದ ಲೋಟ ಕೆಳಗಿಟ್ಟು, "ಉಜ್ಜಿನಿ ಕಡಿ ಹೊಡೀತು ನೋಡು" ಎನ್ನುತ್ತಾರೆ. ಸುಡಲಿ ಎಂದು ಅವರು ಯಾವತ್ತೂ ಬಯಸಿದವರಲ್ಲ. ಸುಟ್ಟದ್ದು ಬೇರೆ ಅಂಗಡಿಗೆ ಹೋಗದಿರಲಿ ಎನ್ನುವುದಷ್ಟೇ.

ಇನ್ನು ನಮ್ಮತ್ತೆ. ಅವರು ಗುಡೇಕೋಟೆ ಕಡೆಯವರು, ಕುರಿ ಕಾಯುತ್ತ ಬೆಳೆದವರು. ಮೊದಲ ಗುಡುಗು ಕೇಳಿದ ಕೂಡಲೆ ನಮ್ಮ ಮನೆ ಅವರ ಕೈಗೆ ಹೋಗುತ್ತದೆ. ಟಿವಿ, ಫ್ರಿಜ್, ನನ್ನ ಹೊಲಿಗೆ ಮಷೀನು, ಎಲ್ಲದರ ಪ್ಲಗ್ಗು ಕೀಳಬೇಕು. ಕನ್ನಡಿಯ ಮೇಲೆ ಟವೆಲ್ಲು ಹೊದಿಸಬೇಕು. ಕುಡುಗೋಲನ್ನು ಅಂಗಳಕ್ಕೆ ಎಸೆಯಬೇಕು; ಸಿಡಿಲು ಬರುವುದೇ ಆದರೆ ಅದರ ಮೇಲೆ ಬರಲಿ ಎಂದು. ಸಿಡಿಲು ಇವತ್ತಿನವರೆಗೆ ಅದರ ಮೇಲೆ ಬಂದಿಲ್ಲ, ತುಕ್ಕು ಮಾತ್ರ ತಪ್ಪದೆ ಬರುತ್ತದೆ, ಅದನ್ನು ಉಜ್ಜುವವಳು ನಾನು. ಆಮೇಲೆ ಬಾಗಿಲು ಕಿಟಕಿ ಹಾಕಿ ನಡುಮನೆಯಲ್ಲಿ ಕಂಬಳಿ ಹಾಸಿ ಎಲ್ಲರೂ ಅದರ ಮೇಲೆ ಕೂರಬೇಕು. ಅತ್ತೆ ತಲೆತುಂಬ ಸೆರಗು ಹೊದ್ದು, ಕಣ್ಣು ಬಿಗಿಯಾಗಿ ಮುಚ್ಚಿ, "ಯಪ್ಪಾ ಮೈಲಾರಲಿಂಗಾ, ಊರ ಬಿಟ್ಟು ಆಚಿಗೆ ಹಾಕಪ್ಪಾ" ಎನ್ನುತ್ತಿರುತ್ತಾರೆ. ಮೈಲಾರಪ್ಪ ಎಂಬ ಹೆಸರಿನ ಮಗ ಪಕ್ಕದಲ್ಲೇ ಕೂತು, ಆಚೆ ಎಂದರೆ ಯಾವ ಹಳ್ಳಿ ಎಂದು ಲೆಕ್ಕ ಹಾಕುತ್ತಿರುತ್ತಾರೆ.

ಇದೆಲ್ಲ ಆಗುವ ಮುಂಚೆ ಮಾಳಿಗೆಯ ಮೇಲಿನ ಕೆಲಸ ಒಂದಿರುತ್ತದೆ. ಬೇಸಿಗೆಯಲ್ಲಿ ನಮ್ಮ ಮಾಳಿಗೆ ಎಂದರೆ ಸಂಡಿಗೆ, ಶಾವಿಗೆ, ಒಣಮೆಣಸಿನಕಾಯಿ, ಅದರ ನಡುವೆ ಕಾಲಿಡಲು ಇಷ್ಟೇ ಇಷ್ಟು ಜಾಗ. ಮೋಡ ಕಂಡರೆ ನಾನು ಸೀರೆ ಎತ್ತಿ ಸಿಕ್ಕಿಸಿ ಓಡಬೇಕು. ಅರ್ಧ ಒಣಗಿದ ಸಂಡಿಗೆ ಹಳೆಯ ಸೀರೆಗೆ ಅಂಟಿಕೊಂಡಿರುತ್ತದೆ, ಅದನ್ನು ಸೀರೆ ಸಮೇತ ಹೊತ್ತು ಇಳಿಯಬೇಕು. ಇಷ್ಟು ಮುಗಿಸುವ ಹೊತ್ತಿಗೆ ಮಳೆ ಅರ್ಧ ಆಗಿರುತ್ತದೆ, ಉಳಿದರ್ಧ ಕಂಬಳಿಯ ಮೇಲೆ ಕೂತಲ್ಲೇ ಕಳೆಯುತ್ತದೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಗುಡುಗು ಮಿಂಚಿನ ಮಳೆಯನ್ನು ಒಮ್ಮೆಯೂ ಪೂರ್ತಿಯಾಗಿ ನೋಡಿದವಳಲ್ಲ. ಬರೀ ಕೇಳಿದವಳು.

ಇದನ್ನು ಓದಿ ಅತ್ತೆಯನ್ನು ನೋಡಿ ನಗಬೇಡಿ. ಹೊಸದರಲ್ಲಿ ನಾನೂ ಸೆರಗಿನ ಮರೆಯಲ್ಲಿ ನಗುತ್ತಿದ್ದೆ. ಒಂದು ದಿನ ಅವರಾಗಿಯೇ ಹೇಳಿದರು. ಅವರು ಇನ್ನೂ ಲಂಗ ಉಡುತ್ತಿದ್ದ ಕಾಲ. ಗುಡ್ಡದ ಮೇಲೆ ಕುರಿ ಬಿಟ್ಟುಕೊಂಡು ಹೋದಾಗ ಮಳೆ ಹಿಡಿಯಿತಂತೆ. ಕುರಿಗಳೆಲ್ಲ ಓಡಿಹೋಗಿ ಹುಣಸೆ ಮರದ ಕೆಳಗೆ ಗುಂಪಾಗಿ ನಿಂತವು. ಇವರು ಕಂಬಳಿ ಹೊದ್ದು ದೂರದಲ್ಲಿ ಒಂದು ಕಲ್ಲಿನ ಮಗ್ಗುಲಲ್ಲಿ ಮುದುಡಿ ಕೂತರು. "ಬೆಳ್ಳಗ ಆತು ನೋಡಬೇ, ಕಣ್ಣಾಗ ಸುಣ್ಣ ಹಾಕಿದಂಗ. ಕಣ್ಣು ಬಿಟ್ಟು ನೋಡ್ತೀನಿ, ಗಿಡದ ಬುಡಕ ನಿಂತಿದ್ದ ಕುರಿ ನಿಂತಲ್ಲೇ ಬಿದ್ದಾವು. ಒಂದೂ ಒದರ್ಲಿಲ್ಲ" ಎಂದರು. ಅವತ್ತಿನಿಂದ ಅವರು ಮಿಂಚನ್ನು ಕಣ್ಣು ಬಿಟ್ಟು ನೋಡಿಲ್ಲ. ತನ್ನನ್ನು ಉಳಿಸಿದ್ದು ಕಂಬಳಿ ಎಂದು ಅವರು ನಂಬಿದ್ದಾರೆ. ಕಂಬಳಿಗೂ ಸಿಡಿಲಿಗೂ ಸಂಬಂಧವಿಲ್ಲ ಎಂದು ಓದಿದವರು ಹೇಳಬಹುದು. ಅದನ್ನು ನಮ್ಮತ್ತೆಗೆ ಹೇಳುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ.

ಆ ಕಂಬಳಿಯ ಬಗ್ಗೆ ಸ್ವಲ್ಪ ಹೇಳಬೇಕು. ಅವರ ತವರುಮನೆಯದು, ಅವರ ಕುರಿಗಳ ಉಣ್ಣೆಯದೇ. ಮೈಯೆಲ್ಲ ಕಪ್ಪು, ಅಂಚು ಬಿಳಿ. ಅಂಚಿನಲ್ಲಿ ನೇಯದೆ ಬಿಟ್ಟ ಬಿಳಿ ಎಳೆಗಳು ಜೋತಾಡುತ್ತವೆ. ಅವು ಬಿಚ್ಚಿಹೋಗದಂತೆ ಅತ್ತೆ ಒಂದೊಂದನ್ನೂ ಹೊಸೆದು ತುದಿಗೆ ಗಂಟು ಹಾಕಿದ್ದಾರೆ. ಎಲ್ಲರೂ ಹಾಕುವ ಗಂಟಲ್ಲ ಅದು. ಸುತ್ತಿ, ಒಳಗಿನಿಂದ ಎಳೆದು, ಮತ್ತೊಮ್ಮೆ ಸುತ್ತಿ ಬಿಗಿಯುವ, ಅವರ ಅವ್ವ ಕಲಿಸಿದ ಗಂಟು. ಒಂದು ಸಣ್ಣ ಜೋಳದ ಕಾಳಿನಂತೆ ದುಂಡಗೆ ಕೂರುತ್ತದೆ. ನಾನು ಅದನ್ನು ಅವರಿಂದ ಕಲಿತು ರೇಷ್ಮೆ ಸೀರೆಗಳಿಗೆ ಹಾಕಿ ಹೆಸರು ಮಾಡಿದೆ. ಅಂದರೆ ನನ್ನ ಕಸುಬಿನ ಮಾನವೆಲ್ಲ ಆ ಗಂಟಿನಲ್ಲಿದೆ. ಇದನ್ನು ನೆನಪಿನಲ್ಲಿಡಿ.

ಫೋಟೊದ ಹುಚ್ಚು ಹತ್ತಿದ್ದು ನನ್ನ ತಂಗಿ ಸುಮಾಳಿಂದ. ನಮ್ಮ ತವರು ಹರಪನಹಳ್ಳಿ, ಅವಳನ್ನು ಹಲವಾಗಲಿಗೆ ಕೊಟ್ಟಿದ್ದಾರೆ. ಮನೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ತುಂಗಭದ್ರಾ ಹೊಳೆ. ಬೆಳಗಿನ ಹೊಳೆ, ಸಂಜೆಯ ಹೊಳೆ, ಎಮ್ಮೆ ಇಳಿದ ಹೊಳೆ, ಎಮ್ಮೆ ಏರಿದ ಹೊಳೆ, ಹೀಗೆ ದಿನವೂ ತವರುಮನೆಯ ವಾಟ್ಸ್ಯಾಪ್ ಗುಂಪಿಗೆ ಫೋಟೊ ಹಾಕುತ್ತಾಳೆ. ಎಲ್ಲರೂ ಕೈ ಮುಗಿದ ಚಿತ್ರ, ಹೂವಿನ ಚಿತ್ರ ಕಳಿಸುತ್ತಾರೆ. ಒಮ್ಮೆ ನಾನು ಕಟ್ಟಿದ ಕುಚ್ಚಿನ ಫೋಟೊ ಹಾಕಿದ್ದಕ್ಕೆ ಅವಳು, "ಅಕ್ಕಾ, ಚೆನ್ನಾಗೈತೆ. ಆದ್ರೆ ನಿಮ್ಮೂರಾಗೆ ಆಕಾಶ ಗೀಕಾಶ ಏನೂ ಇಲ್ವಾ?" ಎಂದು ಬರೆದಳು. ಹೊಳೆ ಇಲ್ಲ ಎಂದಿದ್ದರೆ ಸುಮ್ಮನಿರುತ್ತಿದ್ದೆ. ಆಕಾಶವೂ ಇಲ್ಲವೆಂದರೆ ಹೇಗೆ? ಅವತ್ತೇ ತೀರ್ಮಾನಿಸಿದೆ, ಮಿಂಚನ್ನು ಹಿಡಿದು ಆ ಗುಂಪಿಗೆ ಹಾಕುತ್ತೇನೆ ಎಂದು.

ಮಿಂಚಿನ ಫೋಟೊ ತೆಗೆಯುವುದರಲ್ಲಿ ಇರುವ ತೊಡಕು ಒಂದೇ. ಮಿಂಚು ಕಂಡ ಮೇಲೆ ಒತ್ತಿದರೆ ಬರುವುದು ಮಿಂಚು ಹೋದ ಮೇಲಿನ ಆಕಾಶ. ಕಾಣುವ ಮುಂಚೆ ಒತ್ತಿದರೆ ಬರುವುದು ಮಿಂಚು ಬರುವ ಮುಂಚಿನ ಆಕಾಶ. ಇವೆರಡೂ ನೋಡಲು ಒಂದೇ ರೀತಿ ಇರುತ್ತವೆ. ನಡುಮನೆಯ ಕಿಟಕಿಯ ಸಂದಿಯಿಂದ ಕದ್ದು ತೆಗೆದ ಫೋಟೊಗಳಲ್ಲಿ ಹಿಂಬದಿ ಮನೆಯ ನೀರಿನ ಟ್ಯಾಂಕು ಬಂದಿತ್ತು, ನನ್ನ ಹೆಬ್ಬೆರಳು ಬಂದಿತ್ತು, ಕಿಟಕಿಯ ಸರಳು ಅಚ್ಚುಕಟ್ಟಾಗಿ ಬಂದಿತ್ತು. ಒಂದರಲ್ಲಿ ಮಾತ್ರ ಏನೋ ಬೆಳ್ಳಗೆ ಹೊಳೆಯುತ್ತಿತ್ತು. ಸಿಕ್ಕಿತು ಎಂದು ದೊಡ್ಡದು ಮಾಡಿ ನೋಡಿದರೆ, ಚಹಾ ಆಯಿತೇನು ಎಂದು ಕೇಳಲು ಬಂದು ನಿಂತ ನಮ್ಮ ಯಜಮಾನರ ಬಿಳಿ ಬನಿಯನ್ನು ಕಿಟಕಿಯ ಗಾಜಿನಲ್ಲಿ ಮೂಡಿತ್ತು.

ಕಿಟಕಿಯಿಂದ ಇದು ಆಗುವ ಮಾತಲ್ಲ ಎಂದು ಖಚಿತವಾದ ಮೇಲೆ ಅತ್ತೆಯನ್ನೇ ಕೇಳಿದೆ. ಅವರು ಹಿತ್ತಿಲ ಕಟ್ಟೆಯ ಮೇಲೆ ಕೂತು ಕಂಬಳಿಯ ಬಿಚ್ಚಿದ ಗಂಟುಗಳನ್ನು ಮತ್ತೆ ಬಿಗಿಯುತ್ತಿದ್ದರು.

"ಅತ್ತೀ, ಮಾಳಿಗಿ ಮೆಟ್ಲ ಬಾಗ್ಲಾಗ ನಿಂತು ಒಂದು ಮಳಿ ನೋಡ್ಲೇನ್ರಿ? ಹೊರಗ ಕಾಲು ಇಡಂಗಿಲ್ಲ."

"ಏನು ನೋಡ್ತೀಯಬೇ ಅದರಾಗ?"

"ಚಂದ ಇರ್ತೈತ್ರಿ."

ಅತ್ತೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕಂಬಳಿಯ ಅಂಚನ್ನು ಒಮ್ಮೆ ಸವರಿ, "ಇದನ್ನ ಹೊದ್ಕೊಂಡು ನಿಂದ್ರು. ಹೊಸ್ತಲ ದಾಟಿದಿ ಅಂದ್ರ ಕಾಲು ಮುರೀತೀನಿ" ಎಂದರು. ಇಷ್ಟು ಅಗ್ಗದಲ್ಲಿ ಒಪ್ಪಿಗೆ ಸಿಗುತ್ತದೆಂದು ಗೊತ್ತಿದ್ದರೆ ಮದುವೆಯಾದ ವರ್ಷವೇ ಕೇಳುತ್ತಿದ್ದೆ.

ಮೇ ತಿಂಗಳ ಒಂದು ಸಂಜೆ ಅದು ಬಂತು. ಮೊದಲು ದೂಳು ಎದ್ದಿತು, ಓಣಿಯ ತುದಿ ಕಾಣದಾಯಿತು. ಸಂಡಿಗೆ ಇಳಿಸಿ, ಪ್ಲಗ್ಗು ಕಿತ್ತು, ಕುಡುಗೋಲು ಎಸೆದು, ಕಂಬಳಿ ಹೊದ್ದು ಮೆಟ್ಟಿಲೇರಿದೆ. ನಮ್ಮ ಮೆಟ್ಟಿಲ ಮೇಲೊಂದು ಚಿಕ್ಕ ಗೂಡಿನಂಥ ಕೋಣೆಯಿದೆ, ಅದರ ಬಾಗಿಲು ಮಾಳಿಗೆಗೆ ತೆರೆಯುತ್ತದೆ. ಹೊಸ್ತಿಲ ಒಳಗೆ ನಿಂತೆ. ಮಳೆ ಓರೆಯಾಗಿ ಬಂತು, ಕಾದ ಮಾಳಿಗೆಯಿಂದ ಹಬೆ ಎದ್ದಿತು. ಯಾರದೋ ಮನೆಯ ತಗಡು ದಡಬಡ ಹೊಡೆದುಕೊಳ್ಳುತ್ತಿತ್ತು. ಒದ್ದೆಯಾದ ಕಂಬಳಿಯಿಂದ ಕುರಿಯ ವಾಸನೆ ಏಳತೊಡಗಿ, ಗುಡೇಕೋಟೆಯ ಗುಡ್ಡವೇ ನನ್ನ ಹೆಗಲೇರಿದ ಹಾಗಾಯಿತು. ಒಂದು ಕೈಯಲ್ಲಿ ಕತ್ತಿನ ಹತ್ತಿರ ಕಂಬಳಿ, ಇನ್ನೊಂದು ಕೈಯಲ್ಲಿ ಫೋನು. ಗಾಳಿಗೆ ಕಂಬಳಿಯ ಅಂಚು ಮುಖಕ್ಕೆ, ಕೈಗೆ ಬಡಿಯುತ್ತಿತ್ತು. ಮಿಂಚು ಒಂದಾದ ಮೇಲೊಂದು. ಆಕಾಶದ ಈ ಮೂಲೆಯಿಂದ ಆ ಮೂಲೆಗೆ ಓಡುವುದು, ನೆಟ್ಟಗೆ ಇಳಿಯುವುದು, ಮೋಡದೊಳಗೇ ಹೊತ್ತಿ ಆರುವುದು. ಖುಷಿಗೆ ನಾನು ಒಬ್ಬಳೇ ನಗುತ್ತಿದ್ದೆ. ಹೆಬ್ಬೆರಳು ಮಾತ್ರ ಮಷೀನಿನ ಸೂಜಿಯ ಹಾಗೆ ಒತ್ತುತ್ತಲೇ ಇತ್ತು.

ಕೆಳಗೆ ಬಂದು ನೋಡಿದರೆ ಎಂದಿನಂತೆ ಬರೀ ಕಪ್ಪು. ಕಪ್ಪು, ಮತ್ತೆ ಕಪ್ಪು. ಅಳಿಸುತ್ತ ಅಳಿಸುತ್ತ ಹೋದಾಗ ಒಂದು ಕಡೆ ಬೆರಳು ನಿಂತಿತು. ಕಪ್ಪು ಆಕಾಶದಲ್ಲಿ ಮೇಲಿನಿಂದ ಕೆಳಗಿನವರೆಗೆ ಬೆಳ್ಳಗಿನ ಮಿಂಚು! ಕೊಂಕುತ್ತ, ಬಳುಕುತ್ತ, ಅಲ್ಲಲ್ಲಿ ಕೂದಲಿನಂಥ ಸಣ್ಣ ಕವಲೊಡೆದು, ಹಿಂಬದಿ ಮನೆಯ ಟ್ಯಾಂಕಿನ ನೆತ್ತಿಗೇ ಇಳಿದಿತ್ತು. ಸುತ್ತ ಮಳೆಹನಿಗಳು ಬಿಳಿ ಚುಕ್ಕೆಗಳಾಗಿ ಹೊಳೆಯುತ್ತಿದ್ದವು. ನಾನು ಕೂಗಿದ ಕೂಗಿಗೆ ನಮ್ಮ ಯಜಮಾನರು ಶಾಕ್ ಹೊಡೆಯಿತೆಂದು ಓಡಿಬಂದರು. ಫೋಟೊ ನೋಡಿ, "ಉಜ್ಜಿನಿ ಕಡಿನೇ ಇದು. ನಾಳಿಗೆ ಬರ್ತಾವ ನೋಡು ಮೋಟರು" ಎಂದರು. ಗುಂಪಿಗೆ ಹಾಕಿದೆ. ಚಿಕ್ಕಪ್ಪ, ಅತ್ತಿಗೆ, ಹಡಗಲಿಯ ಮಾವನ ಮಗ, ಎಲ್ಲರ ಹೂವು ಬಂದು ಬಿದ್ದವು. ಎಲ್ಲರದೂ ಆದ ಮೇಲೆ ಸುಮಾ "ಅಕ್ಕಾ, ನಿಜವಾಗ್ಲೂ ನೀನೇ ತೆಗ್ದಿದ್ದಾ?" ಎಂದು ಕೇಳಿದಳು. ಹೊಟ್ಟೆ ತಣ್ಣಗಾಯಿತು.

ಅತ್ತೆಗೆ ತೋರಿಸಲೋ ಬೇಡವೋ ಎಂದು ಅನುಮಾನಿಸುತ್ತಿದ್ದೆ. ಅವರೇ "ತಾ ಇಲ್ಲಿ" ಎಂದು ಕೈ ಚಾಚಿದರು. ಕನ್ನಡಕ ಹಾಕಿಕೊಂಡರು. ಫೋನನ್ನು ದೂರ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಹಿಡಿದರು. ಬಹಳ ಹೊತ್ತು ನೋಡಿದರು. ಅವರ ಮುಖ ಮೆಲ್ಲಗೆ ಅರಳಿತು. "ಇದೇನಬೇ, ಇಷ್ಟು ಚಂದ ಬಂದೈತಿ!" ಎಂದರು. ಆಮೇಲೆ ಮಗನ ಕಡೆ ತಿರುಗಿ, "ಲೇ ಮೈಲಾರಾ, ಇದನ್ನ ದೊಡ್ಡದು ಮಾಡ್ಸಲೇ. ಗ್ವಾಡಿಗೆ ಹಾಕನು" ಎಂದರು. ಲಂಗ ಉಡುವ ವಯಸ್ಸಿನಿಂದ ಮುಚ್ಚಿದ್ದ ಕಣ್ಣನ್ನು ನನ್ನ ಫೋಟೊ ತೆರೆಸಿತಲ್ಲ ಎಂದು ಅಡುಗೆಮನೆಗೆ ಹೋಗಿ ಒಂದಿಷ್ಟು ಕಣ್ಣೀರನ್ನೂ ಹಾಕಿದೆ.

ನಮ್ಮವರ ಅಂಗಡಿಯ ಪಕ್ಕದಲ್ಲೇ ಫ್ಲೆಕ್ಸ್ ಮಾಡುವ ಬಸವರಾಜನ ಅಂಗಡಿಯಿದೆ. ಮರುದಿನ ಅಲ್ಲಿಗೆ ಹೋದೆ. ಅವನು ಫೋಟೊವನ್ನು ಕಂಪ್ಯೂಟರಿಗೆ ಹಾಕಿ, ಹಿಗ್ಗಿಸಿ, ಹಿಗ್ಗಿಸಿ, ಕೆಳತುದಿಗೆ ಬಂದು ನಿಲ್ಲಿಸಿದ. "ಅಕ್ಕಾ, ಎಂಥಾ ಸಿಡ್ಲು ಹಿಡಿದೀರ್ರಿ! ತುದ್ಯಾಗ ನೋಡ್ರಿ, ಬೆಂಕಿ ಉಂಡಿ ಇದ್ದಂಗ ಐತಿ."

ನೋಡಿದೆ. ಉಂಡೆಯೇನೋ ಇತ್ತು. ಜೋಳದ ಕಾಳಿನಂತೆ ದುಂಡಗೆ. ಸುತ್ತಿ, ಒಳಗಿನಿಂದ ಎಳೆದು, ಮತ್ತೊಮ್ಮೆ ಸುತ್ತಿ ಬಿಗಿದ ಉಂಡೆ.

ಕೂತ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ನೋಡಿದೆ. ಸಿಡಿಲಿಗೆ ಗಂಟು ಹಾಕುವವರು ಮೂರು ಲೋಕದಲ್ಲಿ ಯಾರೂ ಇಲ್ಲ. ಇದ್ದರೆ ನಮ್ಮತ್ತೆ ಒಬ್ಬರೇ. ಎಲ್ಲ ಒಮ್ಮೆಲೇ ಹೊಳೆಯಿತು. ಹಿಂದಿನ ದಿನ ಬೆಳಿಗ್ಗೆ ನಮ್ಮ ಯಜಮಾನರು ಒಂದು ಮೋಟರಿನ ತಂತಿಗಳ ಸುತ್ತು ಮರೆಯಬಾರದೆಂದು ಬಿಚ್ಚುವ ಮುಂಚೆ ನನ್ನ ಫೋನಿನಲ್ಲಿ ಫೋಟೊ ತೆಗೆದಿದ್ದರು. ಒಳಗೆ ಕತ್ತಲೆಂದು ಫ್ಲ್ಯಾಶ್ ಹಾಕಿದವರು ಆರಿಸಿರಲಿಲ್ಲ. ಸಂಜೆ ನಾನು ಒತ್ತಿದಾಗಲೆಲ್ಲ ಅದು ಹೊತ್ತಿದೆ. ಅಷ್ಟು ಮಿಂಚುಗಳ ನಡುವೆ ನನ್ನ ಕೈಯಲ್ಲೇ ಇನ್ನೊಂದು ಮಿಂಚುತ್ತಿದ್ದುದು ನನಗೆ ತಿಳಿದೇ ಇರಲಿಲ್ಲ. ಒಮ್ಮೆ ಗಾಳಿಗೆ ಕಂಬಳಿಯ ಒಂದು ಬಿಳಿ ಎಳೆ ಕ್ಯಾಮೆರಾದ ಮುಂದೆ ಜೋತುಬಿದ್ದಿದೆ. ಕವಲುಗಳು ಎಂದು ನಾನು ಮೆಚ್ಚಿದ್ದು ಉಣ್ಣೆಯ ನವಿರು. ದಿನವಿಡೀ ಎಳೆ ಎಣಿಸುವವಳು, ಅದೇ ಗಂಟು ಕಟ್ಟಿ ಅನ್ನ ತಿನ್ನುವವಳು, ಅದನ್ನು ಆಕಾಶದಲ್ಲಿ ನೋಡಿ ಕೇಕೆ ಹಾಕಿದ್ದೆ.

"ಬಸವರಾಜ, ಆ ತುದಿ ಸ್ವಲ್ಪ ಕತ್ತರಿಸಿಬಿಡಪ್ಪಾ" ಎಂದೆ.

"ಏ, ಬಿಡ್ರಿ ಅಕ್ಕಾ! ಅದನ್ನ ತಗದ್ರ ಇದರಾಗ ಏನೈತ್ರಿ?"

ಮಾತು ನಿಜವೇ. ಆ ಕ್ಷಣ ಸತ್ಯ ಹೇಳಿಬಿಡಬಹುದಿತ್ತು. ಸುಮಾ ನಗಲಿ, ಗುಂಪೆಲ್ಲ ನಗಲಿ, ನಾಲ್ಕು ದಿನದಲ್ಲಿ ಮರೆಯುತ್ತಾರೆ. ಆದರೆ ಅತ್ತೆ? ಅಷ್ಟು ವರ್ಷದ ಮೇಲೆ ಮಿಂಚನ್ನು ಕಣ್ತುಂಬ ನೋಡಿದೆ ಎಂದುಕೊಂಡಿರುವ ಜೀವಕ್ಕೆ, ನೀವು ನೋಡಿದ್ದು ನಿಮ್ಮದೇ ಕಂಬಳಿ ಎಂದು ಹೇಗೆ ಹೇಳುವುದು? ಬಾಯಿ ಮುಚ್ಚಿಕೊಂಡು ಫ್ಲೆಕ್ಸ್ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದೆ.

ಅದು ನಡುಮನೆಯಲ್ಲಿ ನನ್ನ ಹೊಲಿಗೆ ಮಷೀನಿನ ಎದುರು ಗೋಡೆಗೇ ಏರಿತು. ತಲೆ ಎತ್ತಿದರೆ ಸಿಡಿಲು, ತಗ್ಗಿಸಿದರೆ ಅದೇ ಗಂಟು. ಅಳತೆ ಕೊಡಲು ಬಂದವರು ಕೈ ಚಾಚಿದ ಹಾಗೇ ನಿಂತು ನೋಡುತ್ತಿದ್ದರು. ಎರಡು ಬ್ಲೌಸಿನ ತೋಳು ಹೆಚ್ಚು ಕಡಿಮೆಯಾದವು. ನಮ್ಮ ಯಜಮಾನರಂತೂ ಮೋಟರು ಸುಟ್ಟುಕೊಂಡು ಬಂದ ರೈತರನ್ನು ಮನೆಗೇ ಕರೆತಂದು ತೋರಿಸತೊಡಗಿದರು. ಉಜ್ಜಿನಿಯ ಒಬ್ಬರು ಸೊಂಟದ ಮೇಲೆ ಕೈಯಿಟ್ಟು ಅದನ್ನು ದಿಟ್ಟಿಸಿ, "ಇದೇ ಏನ್ರಿ ನಮ್ಮ ಮೋಟರ್ ನುಂಗಿದ್ದು?" ಎಂದು ಹಲ್ಲು ಕಡಿದರು. ಪಾಪದ ಕುರಿ, ಯಾರ ಮೋಟರಿನ ಗೊಡವೆಗೂ ಹೋದದ್ದಲ್ಲ ಎಂದು ಹೇಳಬೇಕೆನಿಸಿತು. ಸುಮಾ ಹಲವಾಗಲಿನಿಂದ ಇದನ್ನು ನೋಡಲೆಂದೇ ಬಂದಳು. "ಇದ್ರ ಮುಂದೆ ನಮ್ಮ ಹೊಳೆ ಏನೂ ಅಲ್ಲ ಬಿಡಕ್ಕಾ" ಎಂದಳು. ಎಷ್ಟು ದಿನ ಕಾದಿದ್ದ ಮಾತು! ಬಾಯಿಗೆ ಮಂಡಕ್ಕಿ ಹಾಕಿಕೊಂಡಿದ್ದೆ, ಉಪ್ಪು ಖಾರ ಯಾವುದೂ ಹತ್ತಲಿಲ್ಲ.

ಅತ್ತೆ ಮಾತ್ರ ದಿನವೂ ಅದರ ಎದುರಿಗೆ ಕೂತು ಸೊಪ್ಪು ಸೋಸುತ್ತಿದ್ದರು. ಆಗಾಗ ತಲೆಯೆತ್ತಿ ನೋಡಿ ತಮ್ಮಷ್ಟಕ್ಕೇ ನಗುತ್ತಿದ್ದರು. ನಾನು ಗಟ್ಟಿ ಮನಸ್ಸು ಮಾಡಿ, "ಅತ್ತೀ, ಆ ಫೋಟೊದಾಗ..." ಎಂದು ಶುರು ಮಾಡಿದರೆ, "ಚಂದ ಐತಿ ಬಿಡಬೇ" ಎಂದು ಮಾತು ಕತ್ತರಿಸುತ್ತಿದ್ದರು. ಅವರು ಹಾಗೆಂದಾಗಲೆಲ್ಲ ನಾನು ಇನ್ನಷ್ಟು ಕುಗ್ಗಿಹೋಗುತ್ತಿದ್ದೆ.

ಹೀಗೆ ಕೆಲವು ವಾರ ಕಳೆದು ರೋಹಿಣಿ ಮಳೆ ಬಂತು. ಗುಡುಗು ಶುರುವಾದರೂ ನಾನು ಮೆಟ್ಟಿಲ ಕಡೆ ಹೋಗದೆ ನಡುಮನೆಯಲ್ಲೇ ಸುಳಿದಾಡುತ್ತಿದ್ದೆ. ಅತ್ತೆ ಕಂಬಳಿ ತಂದು ನನ್ನ ಹೆಗಲ ಮೇಲೆ ಹಾಕಿದರು.

"ಯಾಕಬೇ ರೇಣವ್ವ, ಇವತ್ತು ಹೋಗಂಗಿಲ್ಲೇನು?"

"ಯಾಕೋ ಬ್ಯಾಡ್ರಿ ಅತ್ತೀ."

"ನಡಿ, ನಾನೂ ಬರ್ತೀನಿ."

ನನಗೆ ನಂಬಿಕೆ ಬರಲಿಲ್ಲ. ಅವರು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಏರಿದರು. ಮೇಲಿನ ಕೋಣೆಯಲ್ಲಿ, ಹೊಸ್ತಿಲಿಗಿಂತ ಸಾಕಷ್ಟು ಒಳಗೆ, ಇಬ್ಬರೂ ಒಂದೇ ಕಂಬಳಿಯೊಳಗೆ ಕೂತೆವು. ಅವರ ಮೈ ಸಣ್ಣಗೆ ನಡುಗುತ್ತಿತ್ತು. ನಾನು ಅವರ ಸಮಾಧಾನಕ್ಕೆಂದು ಫೋನು ಎತ್ತಿದೆ. ಅಷ್ಟರಲ್ಲಿ ಅತ್ತೆ ಕೈ ಮುಂದೆ ಮಾಡಿ, ಕಂಬಳಿಯ ಅಂಚಿನಿಂದ ಜೋಲುತ್ತಿದ್ದ ಬಿಳಿ ಎಳೆಗಳನ್ನೆಲ್ಲ ಒಟ್ಟುಗೂಡಿಸಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರು.

"ಈ ಸಲ ಅಡ್ಡ ಬರಬಾರ್ದು. ನಾ ಹಿಡ್ಕೊಂಡಿರ್ತೀನಿ, ನೀ ತಗಿ."

ನಾನು ಫೋನು ಇಳಿಸಿ ಅವರ ಕಡೆ ತಿರುಗಿದೆ. "ಅತ್ತೀ, ನಿಮಗ ಗೊತ್ತಿತ್ತೇನ್ರಿ?"

"ನಾ ಹಾಕಿದ ಗಂಟು ನನಗ ಗೊತ್ತಾಗಲ್ಲೇನು? ನೀ ಫೋನು ಕೈಯಾಗ ಕೊಟ್ಟಾಗೇ ಗೊತ್ತಾತು."

"ಮತ್ತ ಗ್ವಾಡಿಗೆ ಯಾಕ ಹಾಕ್ಸಿದ್ರಿ?"

"ಕಂಬಳಿ ಅಂತನ ಹಾಕ್ಸಿದ್ದು" ಎಂದರು ಅತ್ತೆ. "ಖರೇ ಸಿಡ್ಲಾಗಿದ್ರ ಮನ್ಯಾಗ ಇಟ್ಕೊಂತಿದ್ದೆನೇನು? ನಮ್ಮ ಕುರಿ ನೋಡಬೇ ಅವು. ಸಿಡ್ಲಿನಂಗ ನಿಂತಾವ, ಅಂಜಿಕಿ ಇಲ್ದಂಗ ನೋಡಾಕ ಬರ್ತೈತಿ."

ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಎದುರಿಗೇ ಮಿಂಚಿತು, ಮಾಳಿಗೆಯೆಲ್ಲ ಬೆಳ್ಳಗಾಯಿತು, ಹಿಂದೆಯೇ ಮನೆ ಅದುರುವಂತೆ ಸಿಡಿಯಿತು. ಅತ್ತೆ ಕಣ್ಣು ತೆರೆದೇ ಇದ್ದರು ಎಂದು ಬರೆಯಬೇಕೆಂದು ನನಗೆ ಬಹಳ ಆಸೆ. ಇಲ್ಲ, ಗಟ್ಟಿಯಾಗಿ ಮುಚ್ಚಿದರು. ಮುಖವನ್ನು ನನ್ನ ತೋಳಿನಲ್ಲಿ ಹುದುಗಿಸಿ ಮೈಲಾರಲಿಂಗನನ್ನು ಕರೆದರು. ಆದರೆ ಹಿಡಿದ ಮುಷ್ಟಿಯನ್ನು ಮಾತ್ರ ಬಿಡಲಿಲ್ಲ. ನಾನು ಬೆಚ್ಚಿ ಒತ್ತಿದ ಫೋಟೊದಲ್ಲಿ ಮಿಂಚಿಲ್ಲ, ಆಕಾಶವೂ ಇಲ್ಲ. ಇರುವುದು ಅವರ ಮುಷ್ಟಿ, ಬೆರಳುಗಳ ಸಂದಿಯಿಂದ ಇಣುಕುವ ಬಿಳಿ ಎಳೆಗಳು. ಅದನ್ನು ನಾನು ಯಾವ ಗುಂಪಿಗೂ ಕಳಿಸಿಲ್ಲ.

ಗೋಡೆಯ ಮೇಲಿನ ಸಿಡಿಲು ಈಗಲೂ ಅಲ್ಲೇ ಇದೆ. ತೆಗೆಯೋಣವೇ ಎಂದು ಕೇಳಿದ್ದಕ್ಕೆ ಅತ್ತೆ ಸುತರಾಂ ಒಪ್ಪಲಿಲ್ಲ. ಬಂದವರು ಮೆಚ್ಚಿ ಮಾತಾಡುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ನೋಡಿದರೆ ಕೆಲಸ ಕೆಡುತ್ತದೆ. ಮೊನ್ನೆ ಹಡಗಲಿಯಿಂದ ಮದುವೆ ಸೀರೆ ತಂದವರೊಬ್ಬರು ಅದನ್ನು ನೋಡಿ, ಇಂಥದ್ದನ್ನು ಯಾರು ತೆಗೆದರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಸೊಪ್ಪಿನಿಂದ ತಲೆಯೆತ್ತದೆ ಹೇಳಿದರು: "ನಮ್ಮ ಸೊಸಿ ತಗದಾಳ್ರಿ. ಸೀರಿ ಕೊಟ್ಟು ನಿಶ್ಚಿಂತಿಲಿ ಹೋಗ್ರಿ. ಎಳಿ ಗಂಟು ಅಂದ್ರ ಆಕಿ ಕಣ್ಣು ತಪ್ಪಂಗಿಲ್ಲ."